ಒಂದೇ ಹೆಗಲಿನ ಊರು

ಬಹುಕಾಲ ಗುರುವಿನ ಸೇವೆ ಮಾಡಿದ ಶಿಷ್ಯ ಕೇಳಿದ: "ಗುರುಗಳೇ, ನಾಳೆ ನಿಮ್ಮ ಬೆತ್ತ ನನ್ನ ಕೈಗೆ ಬರುತ್ತದೆ. ಈ ಮಠದ ಭಾರವನ್ನೆಲ್ಲ ನಿಮ್ಮಂತೆ ಒಬ್ಬನೇ ಹೊರುವ ಶಕ್ತಿ ನನಗೆ ಬರಬೇಕಾದರೆ ಏನು ಮಾಡಲಿ?"

ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಬಲವಿತ್ತು. ನೂರು ಆಳಿನ ಬಲ. ಅದು ಒಂದು ಕಾಲಕ್ಕೆ ಒಬ್ಬರ ಮೈಯಲ್ಲಿ ಮಾತ್ರ ಇರುತ್ತಿತ್ತು. ಇದ್ದವರು ಇನ್ನೊಬ್ಬರ ಮಣಿಕಟ್ಟು ಹಿಡಿದು "ಇನ್ನು ನಿನ್ನದು" ಎಂದರೆ ಅದು ಅವರ ಪಾಲಾಗುತ್ತಿತ್ತು. ಹೀಗೆ ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ಬಲ ಒಮ್ಮೆ ಒಬ್ಬ ಕಲ್ಲುಕುಟಿಗನಿಗೆ ಬಂತು. ಕೊಟ್ಟವಳು ಅವನ ಸೋದರತ್ತೆ. ಅವನಿಗಾಗ ಮೀಸೆ ಚಿಗುರುವ ವಯಸ್ಸು. ಹಿಗ್ಗಿ ಹೀರೇಕಾಯಿಯಾದ.

ಮೊದಮೊದಲು ಅವನು ಮಾಡಿದ್ದು ವೀರನ ಕೆಲಸವೇ. ದರೋಡೆಕೋರರು ಬಂದಾಗ ಒಬ್ಬನೇ ಎದುರು ನಿಂತು ಅಟ್ಟಿದ. ಗೋಡೆ ಕುಸಿದಾಗ ಅಡಿಯಲ್ಲಿ ಸಿಕ್ಕವರನ್ನು ಎಳೆದು ಉಳಿಸಿದ. ಜನ ಹಾರ ಹಾಕಿ ಮೆರೆಸಿದರು. ಹೆಸರು ಬಿಟ್ಟು ಬಲದಣ್ಣ ಎಂದು ಕರೆದರು. ಆಮೇಲೆ ಕೆಸರಿನಲ್ಲಿ ಹೂತ ಗಾಡಿ ಎತ್ತಲು ಕರೆದರು. ಆಮೇಲೆ ಬೀಸುವ ಕಲ್ಲು ಸರಿಸಲೂ ಕರೆದರು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹೊಗಳಿಕೆಗೆ ಸೋಲದವರು ಯಾರು?

ಒಂದು ಮಳೆಗಾಲದಲ್ಲಿ ಒಬ್ಬ ವರ್ತಕ ತೀರಿಕೊಂಡ. ಮಸಣದ ದಾರಿ ಏರು, ಕಲ್ಲು ಬೇರೆ ಜಾರುತ್ತಿತ್ತು. ವರ್ತಕನ ಗಂಡುಮಕ್ಕಳು ಬಂದು ಕೈಮುಗಿದರು.

"ಬಲದಣ್ಣ, ನಮ್ಮ ನಾಲ್ಕು ಹೆಗಲಿಗೆ ನಿನ್ನ ಒಂದು ಹೆಗಲು ಸಮ. ಅಪ್ಪನ್ನ ನೀನೇ ಸೇರಿಸಿಬಿಡು."

ಅವನು ಚಟ್ಟವನ್ನು ಒಬ್ಬನೇ ಹೊತ್ತು ನಡೆದ. ಊರು ಬೆರಗಾಯಿತು. ಅಂದಿನಿಂದ ಅದೇ ಪದ್ಧತಿಯಾಯಿತು. ಬಲದಣ್ಣ ಹೊತ್ತರೆ ಮರ್ಯಾದೆ, ನಾಲ್ಕು ಜನ ಹೊತ್ತರೆ ಅವಮಾನ ಎಂದು ಜನ ಆಡಿಕೊಂಡರು. ಮಳೆ ನಿಂತರೂ ಪದ್ಧತಿ ನಿಲ್ಲಲಿಲ್ಲ. ಬರಬರುತ್ತ ಚಟ್ಟದ ಹಿಂದೆ ನಡೆಯುವವರೂ ಕಡಿಮೆಯಾದರು. ಅವನಿದ್ದಾನಲ್ಲ, ನೋಡಿಕೊಳ್ಳುತ್ತಾನೆ ಎಂದರು. ಅವನಿಗೆ ಹೆಣದೊಡನೆ ಮಾತಾಡುವ ಅಭ್ಯಾಸ ಬೆಳೆಯಿತು. ಬದುಕಿದ್ದಾಗ ತನ್ನೊಡನೆ ಮಾತಾಡದವರಿಗೆ ಮಳೆ ಬೆಳೆಯ ಸುದ್ದಿ ಹೇಳುತ್ತ ಏರು ಹತ್ತುತ್ತಿದ್ದ.

ಹೆಣ ಹೊತ್ತವನಿಗೆ ಆ ದಿನವೆಲ್ಲ ಮೈಲಿಗೆ ಎಂಬ ಕಟ್ಟಳೆಯೂ ಅಲ್ಲಿತ್ತು. ದೊಡ್ಡ ಊರು, ಸಾವಿಗೆ ಬಿಡುವಿಲ್ಲ. ಹಾಗಾಗಿ ಅವನು ಮೈಲಿಗೆಯಿಲ್ಲದೆ ಇದ್ದ ದಿನವೇ ಅಪರೂಪ. ಮದುವೆಗೆ ಕರೆಯುವಾಗ ಜನ ತಲೆ ಕೆರೆದುಕೊಂಡರು. "ತಪ್ಪು ತಿಳೀಬೇಡಣ್ಣ, ಚಪ್ಪರದ ಹೊರಗೇ ನಿಂತು ಅಕ್ಷತೆ ಹಾಕಿಬಿಡು" ಎಂದರು. ಬೀದಿಯಲ್ಲಿ ಕಂಡರೆ ಎದ್ದು ಕೈಮುಗಿದರು, ಜಗುಲಿಗೆ ಮಾತ್ರ ಕರೆಯಲಿಲ್ಲ. ಅವನ ಸಾಹಸ ಹೇಳಿ ಮಕ್ಕಳಿಗೆ ತುತ್ತು ತಿನ್ನಿಸಿದರು, ಅವನನ್ನು ಮುಟ್ಟಲು ಬಿಡಲಿಲ್ಲ. ಊರಿಗೆಲ್ಲ ಬೇಕಾಗಿದ್ದರೂ ಅವನಿಗೆ ಊರಿನಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿ ಹೆಂಡತಿ ಇದ್ದಳು. ಅವನು ಬಂದು ಕೂತರೆ "ಹೆಗಲು ನೋಯ್ತಿದೆಯೇನ್ರೀ?" ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ನೋಯದಿದ್ದರೂ ಅವನು ಹೂಂ ಎನ್ನುತ್ತಿದ್ದ.

ಅವನ ತಲೆ ನರೆತ ಮೇಲೆ ಆ ಹೆಂಡತಿ ಜ್ವರ ಬಂದು ಸತ್ತಳು.

ಅವನು ತಾನೇ ಚಟ್ಟ ಕಟ್ಟಿ, ಅವಳನ್ನು ಅದರಲ್ಲಿ ಮಲಗಿಸಿ, ಮನೆಮನೆಗೆ ಹೋಗಿ ಹೆಗಲು ಕೇಳಿದ. "ಮೂರು ಜನ ಬನ್ನಿ. ಅವಳನ್ನ ಒಬ್ಬನೇ ಕರಕೊಂಡು ಹೋಗೋದು ನನ್ನ ಕೈಲಾಗಲ್ಲ" ಎಂದ.

ಜನ ಮುಖ ಮುಖ ನೋಡಿಕೊಂಡರು. ಕಡ್ಡಿಯಂಥ ಹೆಂಗಸು, ಇವನಿಗೆ ಭಾರವೇ? ಅವರಿಗೆ ಹೊಳೆದದ್ದು ಒಂದೇ, ಇವನ ಬಲ ಸೋರಿಹೋಗುತ್ತಿದೆ. ಬಿಸಿಲೇರುವುದರೊಳಗೆ ಊರಿಗೆ ಊರೇ ಅವನ ಅಂಗಳದಲ್ಲಿ ನೆರೆಯಿತು. ಅಷ್ಟು ಜನ ತನ್ನ ಮನೆಗೆ ಬಂದದ್ದು ಕಂಡು ಅವನ ಕಣ್ಣು ತುಂಬಿತು. ಆದರೆ ಅವರು ಬಂದದ್ದು ಹೆಗಲು ಕೊಡಲಿಕ್ಕಲ್ಲ. ಗಟ್ಟಿಮುಟ್ಟಾದ ಒಬ್ಬ ತರುಣನನ್ನು ಮುಂದೆ ನಿಲ್ಲಿಸಿ, ಉಳಿದಷ್ಟು ಬಲವನ್ನಾದರೂ ಈಗಲೇ ಇವನಿಗೆ ದಾಟಿಸು ಎಂದರು. ಜಗುಲಿಯ ಮೇಲೆ ಹೆಣವಿತ್ತು. ಅದರತ್ತ ಯಾರೂ ನೋಡಲಿಲ್ಲ.

ಅವನು ಸಿಟ್ಟಾಗಲಿಲ್ಲ. ಬಲ ಹೋದರೆ ತಾನು ಬರಿ ಮನುಷ್ಯ, ಬರಿ ಮನುಷ್ಯನ ಮನೆಯ ಹೆಣಕ್ಕೆ ಜನ ಹೆಗಲು ಕೊಟ್ಟಾರು ಎಂದುಕೊಂಡ. ತರುಣನ ಮಣಿಕಟ್ಟು ಹಿಡಿದು "ಇನ್ನು ನಿನ್ನದು" ಎಂದ. ಜನ ಜೈಕಾರ ಹಾಕಿದರು. ಹಾರ ತರುಣನ ಕೊರಳಿಗೆ ಬಿತ್ತು.

ತರುಣ ಒಳ್ಳೆಯವನು. ನೇರ ಜಗುಲಿ ಹತ್ತಿ, ಚಟ್ಟವನ್ನು ಒಂದೇ ಹೆಗಲಿಗೆ ಏರಿಸಿಕೊಂಡು ಹೊರಟ. ಮುದುಕ ಹಿಂದೆಯೇ ಓಡಿ ಬಿದಿರಿನ ತುದಿಗೆ ತನ್ನ ಹೆಗಲು ಕೊಟ್ಟ.

"ಬಿಡಜ್ಜ, ನನಗೇನೂ ಭಾರ ಇಲ್ಲ" ಎಂದ ತರುಣ.

"ನಿನಗಿಲ್ಲ ಮಗಾ, ನನಗಿದೆ" ಎಂದ ಮುದುಕ.

ಇಬ್ಬರೇ ಮಸಣದ ಏರು ಹತ್ತಿದರು. ಊರು ಅಂಗಳದಿಂದಲೇ ಮನೆಗೆ ಹೋಯಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬಂದಿದ್ದವು.

"ಎಂಥ ಕಲ್ಲೆದೆಯ ಜನ, ಗುರುಗಳೇ! ಅಷ್ಟು ವರ್ಷ ಅವನ ಆಸರೆಯಲ್ಲೇ ಬದುಕಿದವರು. ಅವನ ನೋವು ಒಬ್ಬರಿಗೂ ತಿಳಿಯಲಿಲ್ಲವೇ?"

ಗುರು ಅವನತ್ತ ಮುಖ ತಿರುಗಿಸಿ ಕೇಳಿದರು: "ದಿನವೂ ನನ್ನ ಎದುರಿಗೇ ಕೂರುತ್ತೀ, ನನ್ನ ಎಡಗಣ್ಣಿನ ನೋಟ ಹೋಗಿ ಎಷ್ಟು ಕಾಲವಾಯಿತು, ಹೇಳು."