ಸದ್ದು ನಿಂತ ಕಾರು

"ಬುದ್ಧಿ, ಕೂಗಾಡೋದು ಬಿಟ್ಟೋನ ಮನೇಲಿ ನೆಮ್ಮದಿ ಯಾಕಿರಲ್ಲ?"

ಕೇಳಿದವನು ಮರುಳಸಿದ್ದಪ್ಪ. ಮಠಕ್ಕೆ ಮೊದಲಿನಿಂದಲೂ ನಡೆದುಕೊಳ್ಳುತ್ತಿದ್ದ ಸಂಸಾರಿ. ಹಿಂದೆ ಅವನಿಗೆ ಸಿಟ್ಟು ಬಂದರೆ ಬೀದಿಯ ಆ ತುದಿಗೂ ಗೊತ್ತಾಗುತ್ತಿತ್ತು. ಗುರುಗಳು ಒಮ್ಮೆ ಗದರಿದ ಮೇಲೆ ದನಿ ಏರಿಸುವುದನ್ನು ಬಿಟ್ಟಿದ್ದ. ಈಗ ಸಿಟ್ಟು ಬಂದರೆ ಹಲ್ಲು ಕಚ್ಚಿಕೊಂಡು ಊಟದ ಮುಂದಿನಿಂದ ಎದ್ದು ಹೋಗುತ್ತಿದ್ದ, ಅಷ್ಟೆ. ಅಕ್ಕಪಕ್ಕದವರು ಅವನನ್ನು ಹೊಗಳಿದ್ದೇ ಹೊಗಳಿದ್ದು. ಹೆಂಡತಿ ಮಾತ್ರ ಯುಗಾದಿ ಮುಗಿಸಿಕೊಂಡು ತವರಿಗೆ ಹೋದವಳು ತಿರುಗಿ ಬರುವ ಮಾತನ್ನೇ ಎತ್ತಿರಲಿಲ್ಲ. ಆ ಸುದ್ದಿ ಗುರುಗಳ ಕಿವಿಗೂ ಬಿದ್ದಿತ್ತು. ಬಾರದೇ ಹೋದರೆ ಏನು ಗತಿ ಎಂದು ಅವನಿಗೆ ಹೆದರಿಕೆಯಾಗಿತ್ತು. ಕೂಗುತ್ತಿದ್ದಾಗ ಇದ್ದವಳು ಸುಮ್ಮನಾದ ಮೇಲೆ ಯಾಕೆ ಹೋದಳು ಎಂಬುದು ಅವನಿಗೆ ಬಿಡಿಸಲಾಗದ ಒಗಟಾಗಿತ್ತು.

ಗುರುಗಳು ಅವನ ಕಡೆ ತಿರುಗಿದರು. "ಕಾರಿನ ಸೈಲೆನ್ಸರ್ ಪೈಪು ಯಾವತ್ತಾದರೂ ಬಿಚ್ಚಿದ್ದೀಯೇನಪ್ಪ?" ಎಂದರು.

ಮರುಳಸಿದ್ದಪ್ಪ ಇಲ್ಲವೆಂದು ತಲೆಯಾಡಿಸಿದ. ಪೀಠದ ಮೇಲೆ ಕೂತವರಿಗೆ ಕಾರಿನ ಅಡಿಯ ಉಸಾಬರಿ ಏಕೆ ಎಂದು ಅವನಿಗೆ ಕುತೂಹಲವಾಯಿತು. ಆದರೆ ಕತೆ ಹೇಳಲು ಕುಳಿತರೆ ಗುರುಗಳಿಗೆ ಗೊತ್ತಿಲ್ಲದ ಕಸುಬೇ ಇರುತ್ತಿರಲಿಲ್ಲ. ಅವನು ಜಮಖಾನೆಯ ಮೇಲೆ ಸರಿಯಾಗಿ ಕುಳಿತುಕೊಂಡ.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಹಳೆಯ ಕಾರಿನ ತುಂಬ ಗಂಟು ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಗಂಟು ಜಾರದಂತೆ ಹಿಡಿದುಕೊಳ್ಳಲು ಹೆಂಡತಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಬಿಳಿ ಪಂಚೆಗಳಿಗೆ ಧೂಳು ಹಿಡಿಯಬಾರದೆಂದು ಅವಳ ಕಡೆಯ ಗಾಜುಗಳು ಸದಾ ಮುಚ್ಚಿರುತ್ತಿದ್ದವು. ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ನಡುವೆ ದಪ್ಪ ಬಟ್ಟೆಯ ಪರದೆ ಇಳಿಬಿಟ್ಟಿತ್ತು. ವ್ಯಾಪಾರಿಯ ಕಡೆಯ ಗಾಜು ಮಾತ್ರ ತೆರೆದಿರುತ್ತಿತ್ತು. ಓಡಿಸುವವನಿಗೆ ಗಾಳಿ ಬೇಡವೇ?

ಒಂದು ದಿನ ಕಾರು ಗುಡುಗತೊಡಗಿತು. ಅವನು ಹೊರಟರೆ ತೊಟ್ಟಿಲ ಕೂಸುಗಳು ಎಚ್ಚರಾಗಿ ಅಳುತ್ತಿದ್ದವು. ಬೀದಿಯವರು ಬೈದರು, ಸಂತೆಯವರು ನಕ್ಕರು. ವ್ಯಾಪಾರಿಗೆ ತಲೆ ಎತ್ತಿ ತಿರುಗಲಾಗಲಿಲ್ಲ. ಕಾರಿನ ಕೆಳಗೆ ಚಾಪೆ ಹಾಸಿ ಅಂಗಾತ ಮಲಗಿ ನೋಡಿದ. ಸೈಲೆನ್ಸರ್ ಪೈಪಿನ ಅಡಿಭಾಗವನ್ನು ತುಕ್ಕು ತಿಂದು ತೂತು ಮಾಡಿತ್ತು. ಕೈಯಲ್ಲಾಗುವ ಕೆಲಸಕ್ಕೆ ಇನ್ನೊಬ್ಬರನ್ನು ಕರೆಯುವ ಜಾಯಮಾನ ಅವನದಲ್ಲ. ಎಣ್ಣೆ ಡಬ್ಬದ ತಗಡು ಕತ್ತರಿಸಿ ತೂತಿಗೆ ಒತ್ತಿ, ತಂತಿ ಸುತ್ತಿ ಬಿಗಿದ. ಸದ್ದು ನಿಂತಿತು. ಬೀದಿಯವರು ಭೇಷ್ ಎಂದರು.

ಅಂದಿನಿಂದ ಹೆಂಡತಿಗೆ ತಲೆನೋವು ಶುರುವಾಯಿತು.

"ಏನ್ರೀ, ಹಿಂದ್ಗಡೆ ಹೊಗೆ ತುಂಬ್ಕೊಂಡಂಗೆ ಆಯ್ತದೆ," ಎಂದಳು.

"ಸದ್ದೇ ಇಲ್ಲ, ಹೊಗೆ ಎಲ್ಲಿಂದ ಬಂತು? ಬೆಳಿಗ್ಗೆ ನೀನು ಏನೂ ತಿಂದಿಲ್ಲ, ಅದಕ್ಕೆ," ಎಂದ.

ಮುಂದಿನ ಸಂತೆಗೆ ಹೋಗುವಾಗಲೂ ಹೇಳಿದಳು. ಬಿಸಿಲಿಗೆ ಹಾಗಾಗುತ್ತದೆ ಎಂದ. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ತಲೆನೋವು ವಾಸಿಯಾಗಿದೆ ಎಂದು ವ್ಯಾಪಾರಿ ಸಮಾಧಾನಪಟ್ಟುಕೊಂಡ.

"ಅವನಿಗ್ಯಾಕೆ ತಲೆ ನೋಯಲಿಲ್ಲ, ಬುದ್ಧಿ?" ಮರುಳಸಿದ್ದಪ್ಪ ತಡೆಯಲಾರದೆ ಕೇಳಿದ.

"ಅವನ ಗಾಜು ತೆರೆದಿತ್ತಲ್ಲಪ್ಪ," ಎಂದು ಗುರುಗಳು ಮುಂದುವರಿಸಿದರು.

ಒಂದು ದಿನ ಸಂತೆ ಮೈದಾನದಲ್ಲಿ ಕಾರು ನಿಲ್ಲಿಸಿ ವ್ಯಾಪಾರಿ ಪರದೆ ಸರಿಸಿದ. ಹೆಂಡತಿ ಗಂಟಿನ ಮೇಲೆ ಒರಗಿದ್ದಳು. ಕರೆದರೆ ಏಳಲಿಲ್ಲ. ಎತ್ತಿ ತಂದು ಹೊಂಗೆಮರದ ಕೆಳಗೆ ಮಲಗಿಸಿದ. ಎಂದೂ ಹೆಸರು ಹಿಡಿದು ಕರೆಯದವನು ಹೆಸರು ಹಿಡಿದು ಕರೆದ. ಬಹಳ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟಳು. ಮೈಗೆ ಹೊಗೆ ಸೇರಿದೆ, ಇನ್ನಷ್ಟು ದೂರ ಹೋಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವ್ಯಾಪಾರಿ ಜಾಕ್ ಕೊಟ್ಟು ಕಾರನ್ನು ಎತ್ತಿದ, ಕೆಳಗೆ ಮರದ ದಿಮ್ಮಿ ಆನಿಸಿದ. ಪೈಪಿನ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು ಕಾದ. ಒಂದು ತಿರುಗಿತು, ಇನ್ನೊಂದು ಮುರಿಯಿತು, ಉಳಿದವು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೊನೆಗೆ ಗರಗಸದಿಂದ ಕೊಯ್ದು ಪೈಪನ್ನು ಇಳಿಸಿದ. ಇಳಿಸಿದ್ದನ್ನು ಮಗುಚಿ ನೋಡಿದ. ಮಲಗಿ ನೋಡಿದವನಿಗೆ ಕಾಣದಿದ್ದ ಮೇಲ್ಭಾಗ ಉದ್ದಕ್ಕೂ ಸದ್ದು ಮಾಡದಷ್ಟು ಸಣ್ಣಗೆ ಸೀಳಿತ್ತು. ಕೆಳಗಿನ ತೂತು ಇದ್ದಾಗ ಹೊಗೆಯಲ್ಲಿ ಹೆಚ್ಚಿನದು ಬೀದಿಗೆ ಹೋಗುತ್ತಿತ್ತು. ಅದನ್ನು ಮುಚ್ಚಿದ ಮೇಲೆ ಮೇಲಕ್ಕೆ ಹೊರಟು, ಕಾರಿನ ತಳದ ಸಂದಿಯಿಂದ ಹೆಂಡತಿಯ ಕಾಲಬುಡಕ್ಕೆ ನುಗ್ಗಿತ್ತು.

ಉಳಿದ ಪೈಪನ್ನು ಸುತ್ತಿಗೆಯಿಂದ ತಟ್ಟುತ್ತ ಹೋದ. ತುಕ್ಕು ತಿಂದು ಮಂದ ಸದ್ದು ಬಂದಲ್ಲೆಲ್ಲ ಕೊಯ್ದ. ಗಟ್ಟಿ ಕಬ್ಬಿಣ ಠಣ್ ಎನ್ನುವವರೆಗೆ ಕೊಯ್ದ. ಅಲ್ಲಿಗೆ ಹೊಸ ಪೈಪು ಸೇರಿಸಿ ಕ್ಲಾಂಪು ಬಿಗಿದ. ತಳದ ಸಂದಿಯನ್ನೂ ಮುಚ್ಚಿದ. ಜಗಲಿಯಲ್ಲಿ ಕುಳಿತಿದ್ದ ಹೆಂಡತಿಯ ಮುಖ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

"ಸದ್ದು ನಿಂತಾಗ್ಲೇ ಸರಿಹೋಯ್ತು ಅಂದ್ಕೊಂಡೆ ಕಣೇ," ಎಂದ.

"ಸದ್ದಿದ್ದಾಗ ಕೆಟ್ಟೈತೆ ಅಂತ ಊರೋರೆಲ್ಲ ಒಪ್ತಿದ್ರು," ಎಂದಳು ಅವಳು. "ನಿಂತ್ಮೇಲೆ ನಾನು ಹೇಳಿದ್ದನ್ನ ಯಾರು ನಂಬಿದ್ರು?"

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಮರುಳಸಿದ್ದಪ್ಪ ಅವರ ಮುಖವನ್ನೇ ನೋಡಿದ. ಮುಂದೇನಾದರೂ ಹೇಳುತ್ತಾರೆಂದು ಕಾದ.

"ಹಂಗಾದ್ರೆ ನಾನು ಮತ್ತೆ ಕೂಗಾಡಬೇಕಾ, ಬುದ್ಧಿ?" ಎಂದು ಕೊನೆಗೆ ತಾನೇ ಕೇಳಿದ.

"ಬೇಡಪ್ಪ. ತವರಿಗೆ ಹೋಗೋಕೆ ಮುಂಚೆ ಅವಳು ನಿನಗೆ ಏನೋ ಹೇಳಿರಬೇಕಲ್ಲ, ಏನು ಹೇಳಿದಳು?"

ಮರುಳಸಿದ್ದಪ್ಪ ಬಾಯಿ ತೆರೆದ. ಅವಳು ಏನೋ ಹೇಳಿದ್ದಳು, ಏನೆಂದು ನೆನಪಿಗೆ ಬರಲಿಲ್ಲ.