ಹೆಗಲ ಕೆಳಗಿನ ಬೆಳಕು

"ಉಸ್ತಾದ್, ಬಹುಮತ ನಮ್ದೇ ಇರುವಾಗ, ನಮ್ಮ ಅಧಿಕಾರ ಎಲ್ಲೀಗಂಟ ಅಂತ ನಾವೇ ಬರ್ಕೊಂಡ್ರೆ ತಪ್ಪೇನು?"

ಹಿಂಗಂತ ಬೀರೇಶ ಕೇಳ್ದ. ನನ್ನ ಗರಡೀಲಿ ಎರಡು ವರ್ಷದಿಂದ ಮಣ್ಣು ಹದ ಮಾಡ್ತಾ ಅವ್ನೆ. ಒಂದು ಪಟ್ಟು ನೆಟ್ಟಗೆ ಹಿಡಿಯೋಕೆ ಬರಲ್ಲ, ಫೋನಲ್ಲಿ ಮಂತ್ರಿ ಆಗವ್ನೆ.

ಅದೇನೋ ಆಟವಂತೆ. ಎಲ್ಲೆಲ್ಲೋ ಕೂತಿರೋರು ಫೋನಲ್ಲೇ ಒಂದು ರಾಜ್ಯ ಕಟ್ಕೊಂಡವ್ರೆ. ಅದಕ್ಕೊಂದು ವಿಧಾನಸಭೆ, ಇಪ್ಪತ್ತೊಂದು ಜನ ಶಾಸಕರು. ಹಸಿರು ಪಕ್ಷ ಹನ್ನೊಂದು, ನೀಲಿ ಪಕ್ಷ ಹತ್ತು. ಇವನು ಹಸಿರು ಪಕ್ಷದ ಕಾನೂನು ಮಂತ್ರಿ. ಸಭೆ ತನ್ನ ಮಿತಿ ದಾಟಿ ಕಾನೂನು ಮಾಡಿದ್ರೆ ತಡೆಯೋಕೆ ಒಬ್ಬ ನ್ಯಾಯಾಧೀಶ ಅವ್ನೆ. ಅವನೂ ಆಟಗಾರನೇ, ಆದ್ರೆ ಎರಡು ಪಕ್ಷಕ್ಕೂ ಸೇರದವನು. ಇವರು ಮಾಡಿದ ಎರಡು ಕಾನೂನನ್ನ ಅವನು ಹೊಡೆದು ಹಾಕಿದ್ನಂತೆ. ಅದಕ್ಕೆ ಬೀರೇಶನೇ ಕೂತು ಮಸೂದೆ ಬರ್ದ. ಇನ್ಮೇಲೆ ನ್ಯಾಯಾಧೀಶ ಬೇಡ, ಸಭೆ ಮಿತಿ ದಾಟಿತಾ ಇಲ್ವಾ ಅಂತ ಸಭೆಯೇ ಕೈ ಎತ್ತಿ ಹೇಳ್ತದೆ ಅಂತ. ಸಂಜೆ ಆರಕ್ಕೆ ಮತ. ಇವನೊಬ್ಬ ಈ ಕಡೆಯಿಂದ ಆ ಕಡೆ ಹೋದ್ರೆ ಮಸೂದೆ ಬಿದ್ದೋಯ್ತದೆ.

"ನೀಲಿಯೋರು ಏನಂತಾರೆ?" ಅಂದೆ.

"ಅನ್ಯಾಯ ಅಂತ ಕೂಗ್ತಾವ್ರೆ ಉಸ್ತಾದ್. ಹೋದ ಸಲ ಅವರು ಗೆದ್ದಿದ್ದಾಗ ಇದನ್ನೇ ಮಾಡೋಕೆ ಹೋಗಿದ್ರು. ಆಗ ನಾವು ಕೂಗಿದ್ವಿ. ಆವತ್ತು ನಾನು ಬರೆದ ಭಾಷಣಾನೇ ಈಗ ಪಕ್ಷದ ಹೆಸರು ಬದಲಾಯಿಸಿ ನನ್ನ ಮೇಲೇ ಹಾಕವ್ರೆ."

"ಹಂಗಾದ್ರೆ ಚೆನ್ನಾಗೇ ಬರ್ದಿದ್ದೆ ಅನ್ನು."

"ನಗಬೇಡಿ. ನಿಮಗೆ ಇದು ಗೊತ್ತಾಗಲ್ಲ ಬಿಡಿ, ಆನ್‌ಲೈನು."

ನಾನು ಓದಿದ್ದು ಮೂರನೇ ಕ್ಲಾಸು. ಆಡಿದ್ದು ಅರವತ್ತೆರಡು ಕುಸ್ತಿ. ಈ ಬೆನ್ನಿಗೆ ಮಣ್ಣು ಹತ್ತಿಲ್ಲ, ಸುಳ್ಳು ಅನ್ನೋನು ಎದುರಿಗೆ ಬರಲಿ. ನನಗೆ ಗೊತ್ತಾಗದೆ ಇರೋದು ಯಾವುದೂ ಇಲ್ಲ, ಒಂದೊಂದು ಸ್ವಲ್ಪ ತಡವಾಗಿ ಗೊತ್ತಾಯ್ತದೆ, ಅಷ್ಟೆ. ಫೋನು ಕೆಳಗಿಟ್ಟು ಕೂತ್ಕೊ ಅಂದೆ. ಕತೆ ಹೇಳ್ದೆ.

ಒಂದೂರಲ್ಲಿ ಎರಡು ಗರಡಿ. ಒಂದು ಮೇಲಿನ ಬೀದೀದು, ಒಂದು ಕೆಳಗಿನ ಬೀದೀದು. ವರ್ಷಕ್ಕೊಂದು ದಿನ ಎರಡಕ್ಕೂ ಕುಸ್ತಿ. ಯಾರಿಗೆ ಯಾರು ಅಂತ ಜೋಡಿ ಕಟ್ಟೋಕೆ ಊರೋರು ಐದು ಜನರ ಪಂಚಾಯ್ತಿ ಆರಿಸ್ತಿದ್ರು. ಪಂಚಾಯ್ತಿಗೆ ಅದೊಂದೇ ಕೆಲಸ. ಯಾರು ಚಿತ್ ಆದ್ರು ಅಂತ ಹೇಳೋನು ಬೇರೆ, ಒಬ್ಬ ಕುಂಬಾರ. ಅವನಿಗೆ ಯಾವ ಗರಡಿಯ ನಂಟೂ ಇರ್ಲಿಲ್ಲ. ಕುಸ್ತಿ ಬಿಗಿಯಾದಾಗ ಅವನು ಅಖಾಡದ ಅಂಚಲ್ಲಿ ಬೋರಲು ಮಲಗೋನು. ಕೆನ್ನೆ ಮಣ್ಣಿಗಿಟ್ಟು, ಕೆಳಗೆ ಬಿದ್ದವನ ಹೆಗಲಿಗೂ ನೆಲಕ್ಕೂ ನಡುವೆ ಬೆಳಕು ಕಾಣ್ತದಾ ಅಂತ ನೋಡೋನು. ಎರಡು ಹೆಗಲ ಕೆಳಗೂ ಬೆಳಕು ಮುಚ್ಚಿದ್ರೆ ಚಿತ್. ಒಂದು ಎಳೆ ಬೆಳಕು ಉಳಿದ್ರೂ ಇಲ್ಲ.

ಮೇಲಿನ ಬೀದೀಲಿ ಒಬ್ಬ ಪೈಲ್ವಾನ. ಕೆಳಗಿನ ಬೀದೀಲಿ ಅವನಿಗೆ ಸರಿಸಮ ಇನ್ನೊಬ್ಬ. ಮೂರು ವರ್ಷ ಇಬ್ರೂ ಹಿಡಿದಾಡಿದ್ರು. ಮೂರು ವರ್ಷವೂ ಕುಂಬಾರ ಎದ್ದು, ಕೆನ್ನೆ ಒರೆಸ್ಕೊಂಡು, "ಬೆಳಕೈತೆ" ಅಂದ. ಮೇಲಿನ ಬೀದಿ ಪೈಲ್ವಾನನಿಗೆ ಅದು ತಲೆಗೆ ಹತ್ಕೊಂಡಿತು. ಅವನಿಗೆ ಗೆದ್ದವರಿಗೆ ಸುತ್ತೋ ಪೇಟ ಬೇಕಿರ್ಲಿಲ್ಲ. ಇಬ್ಬರಲ್ಲಿ ಯಾರು ಮೇಲು ಅಂತ ತಿಳೀಬೇಕಿತ್ತು. ಅಷ್ಟಕ್ಕೇ ಒಂದು ವರ್ಷ ಬೆವರು ಸುರಿಸ್ದ. ನನ್ನಷ್ಟಲ್ಲ, ಆದ್ರೂ ಸುರಿಸ್ದ.

ಆ ವರ್ಷ ಪಂಚಾಯ್ತೀಲಿ ಮೇಲಿನ ಬೀದಿಯೋರು ಮೂರು ಜನ ಬಂದ್ರು. ತಮ್ಮೋರಿಗೆಲ್ಲ ಸುಲಭದ ಜೋಡಿ ಕಟ್ಟಿದ್ರು. ಪೈಲ್ವಾನ ಮಾತ್ರ ನನಗೆ ಹಳೇ ಜೋಡಿಯೇ ಬೇಕು ಅಂತ ಹಟ ಹಿಡಿದು ಉಳಿಸ್ಕೊಂಡ. ಊರು ಗೊಣಗಿತು. ಜೋಡಿ ಕಟ್ಟೋದು ಅವರ ಕೆಲಸವೇ ಅಲ್ವಾ ಅಂತ ಸುಮ್ಮನಾಯ್ತು.

ಆಮೇಲೆ ಆ ಮೂವರಲ್ಲಿ ಒಬ್ಬ ವ್ಯಾಪಾರಿ ಅಂದ, "ಚಿತ್ ನೋಡೋದೂ ಇನ್ಮೇಲೆ ನಮ್ಮದೇ."

ಕೆಳಗಿನ ಬೀದಿಯಿಂದ ಪಂಚಾಯ್ತಿಗೆ ಬಂದಿದ್ದ ಒಬ್ಬ ರೈತ ಅಂದ, "ನಮ್ಮನ್ನ ಕೂರಿಸಿದ್ದು ಜೋಡಿ ಕಟ್ಟೋಕೆ ಕಣಯ್ಯ."

"ನಮ್ಮ ಕೆಲಸ ಯಾವುದು ಅಂತ ನಾವೇ ಕೈ ಎತ್ತಿ ಹೇಳ್ತೀವಿ."

ಮೂರು ಕೈ ಎದ್ದವು. ಕುಂಬಾರ ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಮನೆಗೆ ಹೋದ. ಮೇಲಿನ ಬೀದಿ ಚಪ್ಪಾಳೆ ತಟ್ಟಿತು. ಪೈಲ್ವಾನನೂ ತಟ್ಟಿದ.

ಕುಸ್ತಿ ನಡೀತು. ಬಹಳ ಹೊತ್ತಿನ ಮೇಲೆ ಪೈಲ್ವಾನ ತನ್ನ ಜೋಡೀನ ಕೆಳಗೆ ಹಾಕ್ದ. ಒಂದು ಹೆಗಲು ನೆಲಕ್ಕೆ ಕೂತಿತು. ಇನ್ನೊಂದು ಹೆಗಲ ಮೇಲೆ ಮೈಭಾರ ಎಲ್ಲ ಬಿಟ್ಟು ಒತ್ತಿದ. ಮೇಲೆ ಕೂತವನಿಗೆ ಕೆಳಗಿಂದು ಕಾಣಲ್ಲ. ಒತ್ತುತ್ತಾ ಇರುವಾಗಲೇ ಪಂಚಾಯ್ತಿಯ ಮೂರು ಕೈ ಎದ್ದವು. ತಮಟೆ ಬಡಿದ್ರು, ಪೇಟ ಸುತ್ತಿದ್ರು.

ಪೈಲ್ವಾನ ಪೇಟ ಸುತ್ತಿಸ್ಕೊಂಡೇ ವ್ಯಾಪಾರಿ ಹತ್ರ ಹೋದ. "ಎರಡನೇ ಹೆಗಲು ತಗುಲ್ತಾ?"

"ನಾವು ಕುರ್ಚೀಲಿ ಕೂತಿದ್ವಿ. ನಿನ್ನ ಬೆನ್ನು ಕಾಣ್ತಿತ್ತು. ಗೆದ್ದಿದ್ದೀಯಲ್ಲ, ಮನೆಗೆ ಹೋಗು."

ಸೋತವನ ಹತ್ರ ಹೋದ. ಅವನು ಬಾವಿಕಟ್ಟೇಲಿ ಮೈ ತೊಳೀತಿದ್ದ. "ನೀನಾದ್ರೂ ಹೇಳು. ತಗುಲ್ತಾ?"

"ಇಲ್ಲ ಅಂದ್ರೆ, ಸೋತೋನು ಹಂಗೇ ಅನ್ನೋದು ಅಂತೀಯ. ಹೂಂ ಅಂದ್ರೆ, ಬೇಜಾರಲ್ಲಿ ಅಂದ ಅಂತೀಯ. ನಾನು ಏನಂದ್ರೆ ನಂಬ್ತೀಯ ಹೇಳು, ಅದನ್ನೇ ಅಂತೀನಿ."

ಪೈಲ್ವಾನ ನಿಂತು ಯೋಚನೆ ಮಾಡ್ದ. ಯಾವುದನ್ನೂ ನಂಬೋಕೆ ಆಗ್ಲಿಲ್ಲ.

ಕಡೆಗೆ ಕುಂಬಾರನ ಮನೆಗೆ ಹೋದ. ಕುಂಬಾರ ಚಕ್ರ ನಿಲ್ಲಿಸಲಿಲ್ಲ. "ನಾನು ಇಲ್ಲೇ ಇದ್ದೆನಲ್ಲಪ್ಪ, ಮಡಕೆ ಮಾಡ್ತಾ. ಆವತ್ತು ನಾನು ಎದ್ದು ಬರುವಾಗ ನೀನು ಚಪ್ಪಾಳೆ ತಟ್ಟಿದ್ದು ಮಾತ್ರ ಕೇಳಿಸಿತ್ತು," ಅಂದ.

ಮುಂದಿನ ವರ್ಷ ಇನ್ನೊಂದು ಸಲ ಹಿಡಿದು ನೋಡಾಣ ಅಂದ್ಕೊಂಡ. ಕೆಳಗಿನ ಬೀದಿಯೋರು ಅಖಾಡಕ್ಕೆ ಇಳೀಲೇ ಇಲ್ಲ. ಪೈಲ್ವಾನನಿಗೆ ವಯಸ್ಸಾಯ್ತು. ಊರೋರು ಅವನನ್ನ ಗೆದ್ದ ಪೈಲ್ವಾನ ಅಂತಲೇ ಕರೀತಿದ್ರು. ಕರೆದಾಗಲೆಲ್ಲ ಅವನು ತಿರುಗಿ, ಕರೆದವರ ಮುಖಾನೇ ನೋಡ್ತಿದ್ದ, ಇವರಿಗೇನಾದ್ರೂ ಗೊತ್ತಾ ಅಂತ.

ಕತೆ ಮುಗೀತು. ಬೀರೇಶ ಎದ್ದು ಹೋಗ್ಲಿಲ್ಲ. ಫೋನು ಕೆಳಗೆ ಎರಡು ಸಲ ಗುಂಯ್ ಅಂತು, ಮುಟ್ಟಲಿಲ್ಲ.

"ಅದೆಲ್ಲ ಇರಲಿ ಉಸ್ತಾದ್. ಆ ಹೆಗಲು ನಿಜವಾಗಿ ನೆಲಕ್ಕೆ ತಗುಲ್ತಾ, ಇಲ್ವಾ?"

ನಾನಂದೆ, "ನಿಮ್ಮ ಹನ್ನೊಂದು ಜನರ ಕೈ ಎತ್ತಿಸಿ ನೋಡು, ಗೊತ್ತಾಯ್ತದೆ."