ಸಿಂಗ್ರ ಮಾತ್ರೆ ದಾನ ಮಾಡಿದ್ದು

ಹೂಂಗುಟ್ಕೊಂಡು ಕೇಳ್ರಪ್ಪ, ತೂಕಡಿಸಿದ್ರೆ ಕತೆ ಅಲ್ಲಿಗೇ ಬಿಟ್ಟು ಎದ್ದೋಗ್ತೀನಿ. ಒಬ್ಬಳು ದ್ಯಾವಮ್ಮ. ಅವಳಿಗೊಬ್ಬ ಮಗ, ಸಿಂಗ್ರ. ವಯಸ್ಸು ಮೂವತ್ತು ತುಂಬಿದ್ರೂ ಬುದ್ಧಿ ಮೂರರಲ್ಲೇ ಕೂತಿತ್ತು. ಹೇಳಿದ್ದನ್ನ ಚಾಚೂ ತಪ್ಪದೆ ಮಾಡೋನು. ಅದೇ ಅವಳ ಗ್ರಾಚಾರ!

ಗಂಡ ಸಾಯೋವಾಗ ಅವಳ ಕೈ ಹಿಡಿದು, "ನನ್ನ ಮಾತ್ರೆ ಒಂದು ಡಬ್ಬ ಉಳಿದೈತೆ. ತಿಪ್ಪೆಗೆ ಹಾಕ್ಬೇಡ ಕಣೆ, ಇಲ್ಲದೋರಿಗೆ ಸೇರಿಸು" ಅಂದಿದ್ದ. ಆ ಮಾತು ನಡೆಸೋವರೆಗೂ ದ್ಯಾವಮ್ಮನಿಗೆ ತುತ್ತು ಇಳೀತಿರಲಿಲ್ಲ. ಮಂಡಿನೋವು, ದೂರ ನಡೆಯೋಕಾಗಲ್ಲ. ತಿಥಿ ಕಳೆದ ಮಾರನೇ ದಿನ ಅರ್ಧ ಡಬ್ಬದಷ್ಟು ಮಗನ ಕೈಗಿಟ್ಟಳು.

"ಧರ್ಮಾಸ್ಪತ್ರೆಗೆ ಕೊಟ್ಟು ಬಾ. ದಾನದ ಪದಾರ್ಥ ಕಣೋ, ಹಸನು ಮಾಡಿ ಕೊಡು."

ಸಿಂಗ್ರ ಜಗಲಿ ಮೇಲೆ ಕೂತ. ಅವರೆಕಾಯಿ ಸುಲಿದಂಗೆ ಪಟ್ಟಿಯಿಂದ ಒಂದೊಂದೇ ಮಾತ್ರೆ ಸುಲಿದ. ಮೊರಕ್ಕೆ ಹಾಕಿ ಕೇರಿದ. ಬಿಳಿದು, ಕೆಂಪಿಂದು, ಹಳದೀದು ಎಲ್ಲಾ ಬೆರೆಸಿ ಹೊತ್ಕೊಂಡು ಹೋದ.

"ಅಯ್ಯೋ ನಿನ್ನ! ಯಾವುದು ಯಾವ ಮಾತ್ರೆ ಅಂತ ಹೆಂಗಪ್ಪ ತಿಳಿಯೋದು? ಎಲ್ಲಾ ಹಾಳು!" ಅಂದಳು ಆಸ್ಪತ್ರೆಯ ನರ್ಸಮ್ಮ.

ಮನೆಗೆ ಬಂದ ಮಗ ಹೇಳಿದ್ದು ಕೇಳಿ ದ್ಯಾವಮ್ಮ ಹಣೆ ಚಚ್ಚಿಕೊಂಡಳು. "ಒಡೆದದ್ದನ್ನ ಯಾರು ತಗೋತಾರೋ ಮಂಕುದಿಣ್ಣೆ! ಕೊಡೋದನ್ನ ಒಡೀದಂಗೆ ಕೊಡಬೇಕು!"

"ಆಗ್ಲಿ ಕಣವ್ವ."

ಶುಕ್ರವಾರ ಗುಡಿಗೆ ತೆಂಗಿನಕಾಯಿ ಕೊಟ್ಟು ಕಳಿಸಿದಳು. ಪೂಜಾರಿ ಕಾಯಿ ಎತ್ತಿದ್ದೇ ತಡ, ಸಿಂಗ್ರ ಕೈ ಹಿಡ್ಕೊಂಡ. "ಒಡೀಬೇಡಿ ಸ್ವಾಮಿ! ಒಡೆದದ್ದನ್ನ ಯಾರೂ ತಗೊಳ್ಳಲ್ಲ!" ಕಾಯಿ ಹಂಗೇ ಮನೆಗೆ ವಾಪಸ್ ಬಂತು.

"ಕಾಯಿನೂ ಮಾತ್ರೆನೂ ಒಂದೇ ಏನೋ! ಕೇಳಿಲ್ಲಿ, ಇನ್ನರ್ಧ ಡಬ್ಬ ಐತೆ, ಇದೇ ಕೊನೇದು. ಪಟ್ಟಿ ಸುಲೀಬೇಡ. ತಾರೀಕು ನೋಡು. ತಾರೀಕು ಮುಗಿದದ್ದನ್ನ ಆಸ್ಪತ್ರೆಯ ಕೆಂಪು ಕಸದ ಡಬ್ಬಕ್ಕೆ ಹಾಕು. ಮಿಕ್ಕಿದ್ದು ಇಲ್ಲದೋರಿಗೆ ಕೊಡು."

ಸಿಂಗ್ರ ಮನೆಯಲ್ಲಿರೋ ತಾರೀಕನ್ನೆಲ್ಲ ನೋಡಿದ. ಪಟ್ಟಿಗಳಿಗೆ ಇನ್ನೂ ಒಂದು ವರ್ಷ ಇತ್ತು. ಗೋಡೆ ಮೇಲೆ ಅಪ್ಪನ ಫೋಟೋ, ಅದರ ಕೆಳಗೆ ತೀರಿಕೊಂಡ ತಾರೀಕು. 'ಅಪ್ಪಂದು ಮುಗಿದೋಗೈತೆ' ಅಂತ ಫೋಟೋ ತಗೊಂಡೋಗಿ ಕೆಂಪು ಡಬ್ಬಕ್ಕೆ ಹಾಕಿದ. ಪಟ್ಟಿಗಳನ್ನ ಸಾಲಲ್ಲಿ ನಿಂತೋರಿಗೆ ಪ್ರಸಾದದಂಗೆ ಹಂಚಿದ.

ನರ್ಸಮ್ಮ ಓಡಿಬಂದು ಒಂದೊಂದೂ ಇಸ್ಕೊಂಡು ಬೀರುವಿಗಿಟ್ಟಳು. "ಡಾಕ್ಟ್ರ ಚೀಟಿ ಇಲ್ದೆ ಇಲ್ಲಿಂದ ಏನೂ ಯಾರಿಗೂ ಕೊಡೋಹಂಗಿಲ್ಲ, ತಿಳೀತಾ? ಮನೇಲಿ ಉಪಯೋಗಕ್ಕೆ ಬಾರದ್ದು ಇದ್ರೆ ಈ ಮೇಜಿನ ಹತ್ರ ತಂದಿಡು, ಅಷ್ಟೇ ನಿನ್ನ ಕೆಲಸ!" ಕೆಂಪು ಡಬ್ಬದಿಂದ ಫೋಟೋ ಎತ್ತಿ ಅವನ ಕೈಗೆ ಕೊಟ್ಟಳು.

ಅಂತೂ ಗಂಡನ ಮಾತು ಅರ್ಧವಾದರೂ ಉಳೀತು. ಆದರೆ ಫೋಟೋ ಹೋಗಿಬಂದ ಜಾಗ ಕೇಳಿ ದ್ಯಾವಮ್ಮ ಕುಸಿದು ಕೂತಳು. ಸೆರಗಲ್ಲಿ ಒರೆಸಿದಳು, ಒರೆಸಿದಳು, ಅತ್ತಳು.

"ಸಾಕಾಯ್ತು ಕಣೋ ನನಗೆ. ಯಾವ ಉಪಯೋಗಕ್ಕೂ ಬಾರದೋನು ನೀನು!"

"ಹೌದೇನವ್ವ?"

"ಹೌದು!"

ಮಧ್ಯಾಹ್ನ ಮುದ್ದೆ ಆರಿತು, ಮಗನಿಲ್ಲ. ದ್ಯಾವಮ್ಮ ಕುಂಟಿಕೊಂಡು ಬೀದಿ ಬೀದಿ ಹುಡುಕಿ ಕೊನೆಗೆ ಆಸ್ಪತ್ರೆಗೆ ಬಂದಳು. ಮೇಜಿನ ಪಕ್ಕ, ಔಷಧಿ ಡಬ್ಬಗಳ ಮಧ್ಯೆ, ಸಿಂಗ್ರ ಕಾಲು ಮಡಚಿ ಕೂತಿದ್ದ.

"ಏನೋ ಇದು?"

"ಉಪಯೋಗಕ್ಕೆ ಬಾರದ್ದು ಇಲ್ಲಿಡಬೇಕಂತೆ. ಯಾರಿಗಾದ್ರೂ ಬೇಕಾಗ್ತೀನೇನೋ ಅಂತ ಕೂತೆ."

ದ್ಯಾವಮ್ಮ ಅವನ ಕೈ ಹಿಡಿದಳು. "ನನಗೇ ಬೇಕು ಕಣಪ್ಪ. ಎದ್ದು ಬಾ."

"ಚೀಟಿ ಎಲ್ಲವ್ವ?"

"ಯಾವ ಚೀಟಿನೋ?"

"ಡಾಕ್ಟ್ರ ಚೀಟಿ ಇಲ್ದೆ ಇಲ್ಲಿಂದ ಏನೂ ಕೊಡೋಹಂಗಿಲ್ಲ."

ಎಳೆದರೂ ಏಳಲಿಲ್ಲ, ಬೈದರೂ ಏಳಲಿಲ್ಲ. ದ್ಯಾವಮ್ಮ ಒಂದು ನಿಟ್ಟುಸಿರು ಬಿಟ್ಟಳು. ಮಂಡಿ ಹಿಡ್ಕೊಂಡು ಹೋಗಿ, ಚೀಟಿಯಲ್ಲಿ ಮಗನನ್ನ ಬರೆಸ್ಕೊಳ್ಳೋಕೆ ಡಾಕ್ಟರ ಸಾಲಲ್ಲಿ ನಿಂತಳು.